ಕೇಬಲ್ ಮೇಲೆ ಚಪ್ಪಲಿ ಸಾಲು

"ಅಜ್ಜ, ಪಿಕಾಸಿ ಇಳ್ಸು. ಅಲ್ಲಿ ಫೋನ್ ಕೇಬಲ್ ಐತೆ."

ದೇವೀರಪ್ಪಜ್ಜ ಎತ್ತಿದ ಪಿಕಾಸಿಯನ್ನು ತಲೆಯ ಮೇಲೇ ಹಿಡಿದು ಮೊಮ್ಮಗಳನ್ನು ನೋಡಿದರು. ಶೃತಿ ಐದನೇ ಕ್ಲಾಸು.

ಹಿಂದಿನ ಸಂಜೆಯ ಬಿರುಗಾಳಿಗೆ ಗೇಟಿನ ಬಳಿಯ ಸಿಲ್ವರ್ ಓಕ್ ಮರ ಉರುಳಿ ದಾರಿಗೆ ಅಡ್ಡ ಬಿದ್ದಿತ್ತು. ಕಾಂಡ, ಕೊಂಬೆ ಕಡಿದು ರಾಶಿ ಹಾಕಿದ್ದಾಗಿತ್ತು. ಬುಡ ಮಾತ್ರ ಅರ್ಧ ಮಣ್ಣಲ್ಲೇ ಸಿಕ್ಕಿಕೊಂಡಿತ್ತು. ಅದನ್ನು ಅಗೆದು ಬಿಡಿಸದೆ ಜೀಪು ಹೊರಗೆ ಹೋಗುವಂತಿರಲಿಲ್ಲ.

ಜೀಪು ಹೋಗಲೇಬೇಕಿತ್ತು. ಶೃತಿಯ ಅಮ್ಮ ಹೆರಿಗೆಗೆಂದು ಹಾಸನದ ಆಸ್ಪತ್ರೆಯಲ್ಲಿದ್ದರು. ಜೊತೆಗಿದ್ದ ಅಪ್ಪ ಫೋನ್ ಮಾಡಿದ ಕೂಡಲೇ ಅಜ್ಜ ಹೊರಡಬೇಕು. ಆದರೆ ಕೇಬಲ್ ತುಂಡಾದರೆ ಫೋನೇ ಬರುವುದಿಲ್ಲವಲ್ಲ.

"ಎಲ್ಲೈತೆ? ತೋರ್ಸು ಮತ್ತೆ," ಎಂದರು ಅಜ್ಜ.

ಕೇಬಲ್ ಹೂತ ದಿನ ಶೃತಿ ಜಗಲಿ ಮೇಲಿಂದ ನೋಡಿದ್ದಳು. ಗುರುತು ಹಾಕಲು ಸುಣ್ಣ ಹುಡುಕಿದಳು, ಸಿಗಲಿಲ್ಲ. ಮನೆಯವರ ಚಪ್ಪಲಿಗಳನ್ನೆಲ್ಲ ಹೊತ್ತು ತಂದಳು. ಅಜ್ಜಿಯದು, ಅಮ್ಮನದು, ಬಚ್ಚಲಿನದು, ತನ್ನ ಸ್ಕೂಲ್ ಶೂ. ಕೊನೆಗೆ ಅಜ್ಜನ ಕಾಲಲ್ಲಿದ್ದದ್ದೂ ಹೋಯಿತು. ಜಗಲಿಯಿಂದ ಗೇಟಿನವರೆಗೆ ಸಾಲು ಬೆಳೆಯಿತು. ಅದರಲ್ಲೊಂದನ್ನು ನಾಯಿ ಟೈಗರ್ ಕಚ್ಚಿಕೊಂಡು ಕಾಫಿ ಗಿಡಗಳ ಸಂದಿಗೆ ಓಡಿತು.

ಈ ಸಾಲು ಬಿಟ್ಟು ಎಲ್ಲಿ ಬೇಕಾದರೂ ಅಗಿ ಎಂದು ಶೃತಿ ಅಪ್ಪಣೆ ಕೊಟ್ಟಳು.

ಅಜ್ಜ ಬರಿಗಾಲಲ್ಲಿ ಬುಡದ ಇನ್ನೊಂದು ಬದಿಗೆ ಸರಿದು ನಿಂತು ಪಿಕಾಸಿ ಎತ್ತಿದರು. ಅಷ್ಟರಲ್ಲಿ, ಗಾಳಿಗೆ ಎಲ್ಲೆಲ್ಲಿ ಲೈನ್ ಹೋಗಿದೆ ಎಂದು ನೋಡುತ್ತ ಹೊರಟಿದ್ದ ಟೆಲಿಫೋನ್ ಲೈನ್‌ಮನ್ ಜವರಪ್ಪ ಗೇಟಿನಲ್ಲಿ ಸೈಕಲ್ ನಿಲ್ಲಿಸಿದರು. ಚಪ್ಪಲಿಗಳನ್ನು ಕಂಡು ತಮ್ಮವನ್ನೂ ಕಳಚಿ ಸಾಲಿನ ಕೊನೆಗೆ ಬಿಟ್ಟರು. ಒಳಗೆ ಯಾವ ದೇವರ ಪೂಜೆ ಎಂದು ಮೆಲ್ಲಗೆ ಕೇಳಿದರು.

ವಿಷಯ ತಿಳಿದ ಮೇಲೆ ಅವರು ನಗಲಿಲ್ಲ. ಅಜ್ಜನನ್ನು ಪಕ್ಕಕ್ಕೆ ಸರಿಸಿ, ಪಿಕಾಸಿ ಬೀಳಲಿದ್ದ ಜಾಗದಲ್ಲೇ ಕೂತು ಬೆರಳಿಂದ ಮಣ್ಣು ಕೆದರಿದರು. ಒಂದು ಗೇಣು ಕೆಳಗೆ ಕರಿ ಕೇಬಲ್ ಕಾಣಿಸಿತು.

ನಿದ್ದೆ ಹೋದ ಮಗುವನ್ನು ಮಲಗಿಸುವ ಹಾಗೆ ಅಜ್ಜ ಪಿಕಾಸಿಯನ್ನು ನೆಲಕ್ಕಿಟ್ಟರು.

ನಾಯಿಯೇ ಗುರುತು ತಪ್ಪಿಸಿದ್ದು ಎಂದು, ಮಾತು ಕೇಳಿ ಹೊರಗೆ ಬಂದಿದ್ದ ಕಮಲಮ್ಮಜ್ಜಿ ಟೈಗರನ್ನು ಬೈಯತೊಡಗಿದರು.

"ಅದು ಒಂದೇ ಎತ್ಕೊಂಡೋಗಿದ್ದು ಅಜ್ಜಿ," ಎಂದಳು ಶೃತಿ. ಕಿವಿ ಬಿಸಿಯಾಗಿತ್ತು. "ಉಳಿದದ್ದೆಲ್ಲ ನಾನೇ ಇಟ್ಟಿದ್ದು."

ಜವರಪ್ಪ ಹೇಳಿದಂತೆ ಎಲ್ಲರೂ ಕೈಯಲ್ಲೇ ಬುಡದ ಮಣ್ಣು ಬಿಡಿಸಲು ಕೂತರು. ನಾಲ್ಕೂ ಜನ ಕೋಳಿಗಳ ಹಾಗೆ ಕೆದರಿದ್ದೇ ಕೆದರಿದ್ದು. ಬುಡ ಸಡಿಲವಾಗಿ ಆಚೆ ಉರುಳಿತು.

ಆಗ ಒಳಗೆ ಫೋನ್ ಹೊಡೆದುಕೊಂಡಿತು.

ಅಜ್ಜ ಓಡಿದರು, ಅಜ್ಜಿ ಓಡಿದರು. ತಮ್ಮ ಮನೆಯಲ್ಲದಿದ್ದರೂ ಜವರಪ್ಪನೂ ಓಡಿದರು. ಶೃತಿ ಎದ್ದವಳು ಮತ್ತೆ ಕೂತಳು. ಕೇಬಲ್ ಅವಳ ಪೆನ್ಸಿಲ್‌ಗಿಂತ ದಪ್ಪವಿರಲಿಲ್ಲ. ಅದರ ಮೇಲೆ ಅಂಗೈ ಇಟ್ಟಳು. ಅಪ್ಪ ಹೇಳುತ್ತಿರುವ ಸುದ್ದಿ ಈಗ ಇಲ್ಲೇ, ಕೈ ಕೆಳಗೇ ಹಾದು ಹೋಗುತ್ತಿರಬೇಕು.

ಒಳಗೆ ಅಜ್ಜಿ ನಗುವುದು ಕೇಳಿಸಿತು. ಶೃತಿ ಬೊಗಸೆ ತುಂಬ ಮಣ್ಣು ತೆಗೆದು, ಒಂದೊಂದೇ ಕಲ್ಲು ಆರಿಸಿ ಎಸೆದು, ಮೆತ್ತಗೆ ಕೇಬಲಿಗೆ ಹೊದಿಸಿದಳು. ಆಮೇಲೆ ಒಳಗೆ ಓಡಿದಳು.