ಹಾಕು ಎಂಬುದರ ಕೊಂಬು

"ಟೇಪ್ ೧೧೪ ಹಾಕು."

ಸ್ಕ್ರೀನಿನ ಮೇಲೆ ಇಷ್ಟೇ. ನಮಸ್ಕಾರವಿಲ್ಲ, ಮೇಡಂ ಇಲ್ಲ. ಅಂಕೋಲಾ ಆಫೀಸಿಗೆ ಹೊಸದಾಗಿ ಬಂದ ಆಪರೇಟರ್ ಕಿಶನನ ಮೊದಲ ಸಂದೇಶ ಅದು. ಕೊಂಬು ಬಂದಿದೆಯಾ ಇವನಿಗೆ ಅನ್ನಿಸಿತು.

ಕಡಲ ಅಲೆಗಳ ಹಳೆಯ ದಾಖಲೆಯೆಲ್ಲ ಕಾರವಾರದ ನಮ್ಮ ಎ.ಸಿ. ರೂಮಿನ ಟೇಪುಗಳಲ್ಲಿದೆ. ಆಪರೇಟರ್ ಕೇಳಿದ ಟೇಪನ್ನು ನಾನು ಡ್ರೈವಿಗೆ ಹಾಕಿ, "ಹಾಕಿದೆ" ಎಂದು ಉತ್ತರಿಸಬೇಕು. ಅಲ್ಲಿಯವರೆಗೆ ಅವನ ಕೆಲಸ ನಿಂತಿರುತ್ತದೆ. ಅವತ್ತು ನಿಲ್ಲಿಸಿಯೇ ಫೋನ್ ಮಾಡಿದೆ.

"ಹಾಕು ಅಂದ್ರೆ ಎಂತದು? ನಾ ಎಂತ ನಿಮ್ಮನೆ ಆಳಾ?"

"ಬೇಜಾರಾಯ್ತಾ? ನಮ್ದು ಸದಾಶಿವಗಡ, ಮನೇಲಿ ಕೊಂಕಣಿ. ಹೆತ್ತ ಆಯಿಗೂ ತೂ, ಅಂದ್ರೆ ನೀನು ಅಂತ್ಲೇ ಹೇಳೂದು."

"ಇಲ್ಲಿ ನಿಮ್ಮ ಆಯಿ ಇಲ್ಲ. ನೀತಾ ಅಂತ ಒಬ್ಳು ಇದ್ದಾಳೆ."

ಮರುದಿನದಿಂದ "ಹಾಕು" ಹೋಗಿ "ಹಾಕಿ" ಬಂತು. ಕೊಂಬು ಕಿತ್ತು ಗುಡಿಸು ಹಚ್ಚಿದ್ದ. ಗೆದ್ದೆ ಅಂದುಕೊಂಡೆ.

ಒಮ್ಮೆ ಖಾಲಿ ಟೇಪುಗಳ ಪೆಟ್ಟಿಗೆ ಕೊಡಲು ಕಾರವಾರಕ್ಕೆ ಬಂದ. ಮೇ ತಿಂಗಳ ಸೆಕೆಯಲ್ಲಿ ಸ್ವೆಟರ್ ತೊಟ್ಟು ನಿಂತ ನನ್ನನ್ನು ನೋಡಿ ತುಟಿ ಕಚ್ಚಿ ನಗು ತಡೆದ. ಕಣ್ಣುಗಳು ಮಾತ್ರ ಸ್ವೆಟರಿನ ತೋಳಿನಿಂದ ನನ್ನ ಮುಖಕ್ಕೆ ಬಂದು ಅಲ್ಲೇ ಉಳಿದವು.

"ಚಳಿಯಾ ನಿಮಗೆ?"

"ರೂಮಿಗೆ ಬಂದು ನೋಡಿ, ಗೊತ್ತಾಗ್ತದೆ."

ಬಂದ. ಪೆಟ್ಟಿಗೆ ಜೋಡಿಸುವ ನೆಪದಲ್ಲಿ ಬಹಳ ಹೊತ್ತು ನಡುಗುತ್ತ ನಿಂತ. ನಾನು ಅವತ್ತೇ ಕೆಟ್ಟೆ.

ಅವನ ಮರ್ಯಾದೆ ಮಾತ್ರ ಕಡಿಮೆಯಾಗಲಿಲ್ಲ. "ಊಟ ಆಯ್ತಾ ನಿಮ್ದು?" "ಹುಷಾರಾಗಿ ಹೋಗಿ ಮೇಡಂ." ನಾನು ಅಂಕೋಲಾದಿಂದ ಕಾರವಾರಕ್ಕೆ, ಅವನು ಸದಾಶಿವಗಡದಿಂದ ಅಂಕೋಲಾಕ್ಕೆ, ದಿನವೂ ನಮ್ಮ ಬಸ್ಸುಗಳು ಎದುರಾಗಿ ಹಾದುಹೋಗುತ್ತಿದ್ದವು, ಕಿಟಕಿಯಲ್ಲಿ ಹುಡುಕಿದರೂ ಅವನು ಕಾಣುತ್ತಿರಲಿಲ್ಲ. ಫೋನಿನಲ್ಲಿ ಆ "ನೀವು" ಕೇಳಿದಾಗಲೆಲ್ಲ ಹಿಡಿದು ಅಲುಗಿಸಬೇಕು ಅನ್ನಿಸುತ್ತಿತ್ತು. ನನಗೆ ಬೇಕಾದದ್ದು ಅವನು. ಆ ಮರ್ಯಾದೆ ಕಟ್ಟಿಕೊಂಡು ಏನು ಮಾಡಲಿ?

ಇವತ್ತು ಟೇಪಿನ ಕೆಲಸದ ಕೊನೆಯ ದಿನ. ಒಂದನ್ನು ಬಿಟ್ಟು ಟೇಪುಗಳೆಲ್ಲ ಡಿಸ್ಕಿಗೆ ಇಳಿದಿವೆ. ನಾಳೆಯಿಂದ ಕಿಶನನಿಗೆ ನನ್ನ ಹತ್ತಿರ ಕೇಳುವುದು ಏನೂ ಇರುವುದಿಲ್ಲ.

"ಟೇಪ್ ೨೦೬ ದಯವಿಟ್ಟು ಹಾಕಿ, ಮೇಡಂ."

ಕೈ ಕಟ್ಟಿ ಕೂತೆ. ಸಂದೇಶ ಮಿಣುಕುತ್ತಲೇ ಇತ್ತು. ಕೊನೆಗೆ ಅವನೇ ಫೋನ್ ಮಾಡಿದ.

"ಡ್ರೈವ್ ಕೆಟ್ಟದ್ಯಾ?"

"ಇಲ್ಲ. ನೀವು ಬರೆದದ್ದರಲ್ಲಿ ಒಂದು ತಪ್ಪು ಅದೆ."

"ನಂಬರಾ?"

"ಕಾಗುಣಿತ. ಗುಡಿಸು ತೆಗೀರಿ, ಕೊಂಬು ಹಚ್ಚಿ. ಮೊದ್ಲು ಹೆಂಗೆ ಬರೆದಿದ್ರಿ, ಹಂಗೆ. ಇದಕ್ಕಿಂತ ಹೆಚ್ಚು ಹೇಳೂಕೆ ನಂಗೆ ಬರೂದಿಲ್ಲ ಮಾರಾಯ."



"ಮತ್ತೆ ಸಿಟ್ಟಾಗ್ತೀರಿ ಅಂತ ತಡ್ಕಂಡಿದ್ದೆ," ಅಂದು ಫೋನ್ ಇಟ್ಟ. ಸ್ಕ್ರೀನಿನಲ್ಲಿ ಹೊಸ ಸಾಲು ಬಂತು.

"ಹಾಕು ನೀತಾ. ಸಂಜೆ ಬಸ್ ಇಳಿದು ಮನೆಗೆ ಓಡಬೇಡ. ಅಂಕೋಲಾ ಬಸ್ ಸ್ಟ್ಯಾಂಡಲ್ಲೇ ಇರ್ತೆ. ನಿನ್ನ ಹತ್ರ ಒಂದು ಕೇಳೂದದೆ."

ಟೇಪನ್ನು ಡ್ರೈವಿಗೆ ತಳ್ಳಿದೆ. "ಹಾಕಿದೆ" ಎಂದು ಉತ್ತರಿಸಿದೆ. ಅದರ ಕೆಳಗೆ "ಅಲ್ಲೇ ನಿಲ್ಲಿ" ಎಂದು ಬರೆದು, ಗುಡಿಸು ಅಳಿಸಿ ಕೊಂಬು ಹಚ್ಚಿದೆ.

"ಅಲ್ಲೇ ನಿಲ್ಲು."