ಸಿಲಬಸ್‌ನಲ್ಲಿ ಇಲ್ಲದ ಸೊಪ್ಪು

"ಮೂವತ್ತೊಂದು!" ದುನಾ ಎಷ್ಟು ಜೋರಾಗಿ ಕೂಗಿದನೆಂದರೆ, ದ್ವೀಪದ ಸೊಪ್ಪಿನ ಸಂಘದ ಅಂಗಳದಲ್ಲಿ ಸಾಲಾಗಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. "ನಮ್ ತಾತನ ಸೊಪ್ಪಿಗೆ ಎಪ್ಪತ್ತೆಂಟು. ಮಿರು ಅಜ್ಜಿ ಸೊಪ್ಪಿಗೆ ಮೂವತ್ತೊಂದು! ಜಸ್ಟ್ ಪಾಸೂ ಇಲ್ಲ! ಇದಕ್ಕೆ ಸೊಳ್ಳೆಗಳೇ ಗಿರಾಕಿ!"

ಎಲ್ಲರೂ ನಕ್ಕರು. ಮಿರು ಕೂಡ ನಕ್ಕಳು. ನಿಜ ಹೇಳಬೇಕೆಂದರೆ ಅವಳಿಗೆ ನಗು ಬಂದಿರಲಿಲ್ಲ, ತಂದುಕೊಂಡಳು. ನಗದೇ ಇದ್ದರೆ ಆ ಮೂವತ್ತೊಂದು ತನ್ನದೇ ಮಾರ್ಕ್ಸ್ ಆಗಿಬಿಡುತ್ತದೇನೋ ಅನ್ನಿಸಿತ್ತು.

ಅಜ್ಜಿ ನಗಲಿಲ್ಲ.

ಮೇಜಿನ ಮೇಲಿದ್ದ ಮಷೀನು ನೋಡಲು ಹೇರ್ ಡ್ರೈಯರ್ ಥರವೇ ಇತ್ತು. ಸುವನ್ ನಗರದ ಲ್ಯಾಬಿನಿಂದ ಅದನ್ನು ತಂದಿದ್ದ ಪ್ಯೋ ಅಕ್ಕ, ಒಣಗಿದ ಮಾಚಿಪತ್ರೆ ಸೊಪ್ಪಿನ ಪುಡಿಗೆ ಅದರ ಮೂತಿ ಒತ್ತುತ್ತಿದ್ದಳು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಪುಡಿಯೊಳಕ್ಕೆ ಹೋಗುತ್ತದೆ. ಒಂದಿಷ್ಟು ಅಲ್ಲೇ ಉಳಿದು, ಮಿಕ್ಕಿದ್ದು ವಾಪಸ್ ಬರುತ್ತದೆ. ಅದನ್ನು ನೋಡಿ ಮಷೀನು ಸೊಪ್ಪಿನ ಶಕ್ತಿ ಎಷ್ಟೆಂದು ಊಹಿಸುತ್ತದೆ.

"ಹೆಚ್ಚಿಟ್ಟ ಸೇಬು ಕಂದು ಬಣ್ಣಕ್ಕೆ ತಿರುಗುತ್ತಲ್ಲ, ಹಾಗೇ ನಮ್ ಮೈಯೊಳಗೂ ಸಣ್ಣಪುಟ್ಟದ್ದು ಹಾಳಾಗ್ತಾ ಇರುತ್ತೆ. ಅದನ್ನ ತಡೆಯೋ ಶಕ್ತಿ ಎಲೇಲಿ ಎಷ್ಟಿದೆ ಅಂತ ಇದು ಹೇಳುತ್ತೆ" ಎಂದು ಪ್ಯೋ ಅಕ್ಕ ಬೆಳಿಗ್ಗೆಯೇ ಹೇಳಿದ್ದಳು.

ಸಂಘದ ಯಜಮಾನರು ದುನಾನ ತಾತ. "ಅತ್ತಿಗಮ್ಮ, ಬೇಜಾರ್ ಮಾಡ್ಕೋಬೇಡಿ. ಮಷೀನು ಹೇಳಿದ್ಮೇಲೆ ಮುಗೀತು. ನಲವತ್ತಕ್ಕಿಂತ ಕಮ್ಮಿ ಬಂದಿದ್ದೆಲ್ಲ ಸೊಳ್ಳೆ ಓಡಿಸೋ ಹೊಗೆಗೆ. ಸಂಜೆ ಬೆಂಕಿ ಹಾಕ್ತೀವಿ" ಎಂದು ಅಜ್ಜಿಯ ಕಟ್ಟನ್ನು ಮೂಲೆಯ ರಾಶಿಗೆ ಎಸೆದರು. ಮೂಸಿ ಕೂಡ ನೋಡಲಿಲ್ಲ.

"ಮಷೀನಿಗಂತೂ ಮೂಗಿಲ್ಲ. ನಿಮಗಿದೆಯಲ್ಲ ಯಜಮಾನ್ರೇ?" ಎಂದಳು ಅಜ್ಜಿ. "ಕನ್ನಡಕ ಇಡೋಕೆ ಮಾತ್ರಾನಾ ಅದು?"

ಮತ್ತೆ ನಗು. ಕಟ್ಟು ಮಾತ್ರ ರಾಶಿಯಲ್ಲೇ ಉಳಿಯಿತು.

ಮಿರು ಆ ಕಟ್ಟನ್ನೇ ನೋಡಿದಳು. ಅವಳು ಒಂದನೇ ಕ್ಲಾಸಿನಲ್ಲಿದ್ದಾಗ, ಬೇಸಿಗೆ ಶುರುವಿನ ದಾನೋ ಹಬ್ಬಕ್ಕೆ ಮುಂಚೆ ಕೊಯ್ದು, ಪ್ರತಿ ವರ್ಷದಂತೆ ಅಜ್ಜಿ ಅದನ್ನು ಸೂರಿನ ಕೆಳಗೆ ತೂಗುಹಾಕಿದ್ದಳು. ಮೂರು ವರ್ಷ ಅದು ಕಡಲ ಗಾಳಿ ಕುಡಿದಿತ್ತು. ಅದರ ಕೆಳಗೆ ನಿಂತೇ ಮಿರು ಮಗ್ಗಿ ಕಲಿತದ್ದು. ಉಳಿದವರು ತಂದಿದ್ದೆಲ್ಲ ಈ ವರ್ಷದ ಸೊಪ್ಪು. ಅಷ್ಟು ವರ್ಷ ಕಾಯುವ ತಾಳ್ಮೆ ಈಗ ದ್ವೀಪದಲ್ಲಿ ಯಾರಿಗಿದೆ?

ಅವಳು ಮೇಜಿನ ಹತ್ತಿರ ಹೋದಳು. "ಅಕ್ಕಾ, ಮಷೀನಿಗೆ ಇದನ್ನೆಲ್ಲ ಯಾರ್ ಹೇಳ್ಕೊಟ್ರು?"

"ನಾವೇ. ಇನ್ನೂರು ಥರದ ಸೊಪ್ಪು ತೋರಿಸಿ, ಇದರ ಉತ್ತರ ಇಷ್ಟು, ಅದರ ಉತ್ತರ ಅಷ್ಟು ಅಂತ ಕಲಿಸಿದೀವಿ."

"ಮೂರು ವರ್ಷದ ಹಳೇ ಸೊಪ್ಪು ತೋರ್ಸಿದ್ರಾ?"

ಪ್ಯೋ ಅಕ್ಕನ ಕೈ ನಿಂತಿತು. "ಇಲ್ಲ. ಎಲ್ಲಾ ಆಯಾ ವರ್ಷದ್ದೇ. ಯಾಕೆ, ಅಜ್ಜೀದು ಹಳೇದಾ? ನಂಗ್ಯಾರೂ ಹೇಳ್ಲೇ ಇಲ್ಲ."

"ಹೇಳೋಕೆ ಬಾಯಿ ತೆಗೆದೆ ಕಣಮ್ಮ" ಎಂದಳು ಅಜ್ಜಿ. "ಅಷ್ಟರಲ್ಲಿ ಯಜಮಾನ್ರು 'ನೆಕ್ಸ್ಟ್' ಅಂದ್ರು."

"ನೋಡಿ ಮತ್ತೆ!" ಮಿರುವಿನ ದನಿ ಏರಿತು. "ಸಿಲಬಸ್‌ನಲ್ಲಿ ಇಲ್ದೇ ಇರೋದನ್ನ ಕೇಳಿದೀರ! ಅದು ಗೊತ್ತಿಲ್ಲ ಅನ್ನೋದು ಬಿಟ್ಟು, ಬಾಯಿಗೆ ಬಂದ ನಂಬರ್ ಹೇಳಿದೆ. ಕ್ಲಾಸಲ್ಲಿ ನಮ್ ದುನಾ ಮಾಡೋ ಥರಾನೇ!"

"ಏಯ್!" ಎಂದ ದುನಾ.

ಪ್ಯೋ ಅಕ್ಕ ನಗು ತಡೆದುಕೊಂಡು ಪೆಟ್ಟಿಗೆ ತೆರೆದಳು. ಎರಡು ಗಾಜಿನ ಕೊಳವೆಗಳಿಗೆ ನೇರಳೆ ಬಣ್ಣದ ದ್ರವ ಸುರಿದಳು. ಒಂದಕ್ಕೆ ಯಜಮಾನರ ಸೊಪ್ಪಿನ ರಸ ಬಿತ್ತು, ಇನ್ನೊಂದಕ್ಕೆ ಅಜ್ಜಿಯದು. "ಶಕ್ತಿ ಇದ್ದಷ್ಟೂ ನೇರಳೆ ಮಾಯ ಆಗುತ್ತೆ. ಇದು ಊಹೆ ಅಲ್ಲ, ನಿಜವಾದ ಪರೀಕ್ಷೆ. ಅರ್ಧ ಗಂಟೆ ಕಾಯ್ಬೇಕು."

"ಅರ್ಧ ಗಂಟೇನಾ?" ಎಂದರು ಯಜಮಾನರು.

"ನಾನು ಮೂರು ವರ್ಷ ಕಾದಿದೀನಿ" ಎಂದಳು ಅಜ್ಜಿ.

ಅರ್ಧ ಗಂಟೆ ಕಳೆಯಿತು. ಎರಡೂ ಕೊಳವೆಗಳಲ್ಲಿ ನೇರಳೆ ಹೋಗಿ ತಿಳಿ ಹಳದಿ ನಿಂತಿತ್ತು. ದುನಾ ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ. ಎರಡೂ ಸಮಸಮ.

ಯಜಮಾನರು ಗಂಟಲು ಸರಿಮಾಡಿಕೊಂಡು, ತಾವೇ ರಾಶಿಗೆ ಬಗ್ಗಿ ಕಟ್ಟನ್ನು ಎತ್ತಿಕೊಂಡರು. ಯಾರೂ ಹೇಳದಿದ್ದರೂ ಈ ಸಲ ಮೂಸಿದರು. ಮೂರು ಸೀನು ಬಂದವು.

"ಅಜ್ಜಿ, ಮಷೀನಿಗೆ ಕಲಿಸೋಕೆ ಒಂದೊಂದು ವರ್ಷದ ಸೊಪ್ಪೂ ಸ್ವಲ್ಪ ಸ್ವಲ್ಪ ಕೊಡ್ತೀರಾ?" ಪ್ಯೋ ಅಕ್ಕ ಮೆಲ್ಲಗೆ ಕೇಳಿದಳು.

"ಕೊಡ್ತೀನಿ. ಆದ್ರೆ ಕಲಿತ ಮೇಲೂ ಅದು ದಡ್ಡನಾಗೇ ಉಳಿದ್ರೆ ನನ್ನ ಬೈಬೇಡಿ."

ಮನೆಯ ದಾರಿಯಲ್ಲಿ ಅಜ್ಜಿ ಮುಂದೆ ನೋಡುತ್ತಲೇ ಹೇಳಿದಳು: "ನೀನೂ ನಕ್ಕೆ ಅಲ್ವೇನೇ? ಎಷ್ಟು ಜನ ನಕ್ರೂ ನಿನ್ ನಗು ನಂಗೆ ಬೇರೇನೇ ಕೇಳ್ಸುತ್ತೆ."

ಮಿರುವಿನ ಕಿವಿ ಬಿಸಿಯಾಯಿತು.

ಮನೆಗೆ ಬಂದ ಮೇಲೆ ಅಜ್ಜಿ ಸೂರಿನ ಕೆಳಗೆ ತೂಗುತ್ತಿದ್ದ ಬೇರೆ ಬೇರೆ ವರ್ಷದ ಕಟ್ಟುಗಳಿಂದ ಒಂದೊಂದರಂತೆ ಮೂರು ಎಲೆ ಕಿತ್ತಳು. "ಕಣ್ಮುಚ್ಚು. ಯಾವ್ದು ಯಾವ ವರ್ಷದ್ದು, ಹೇಳು."

ಒಂದು ಎಲೆ ಮೂಗಿನ ಬಳಿ ಬಂತು. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. "ಕೊನೇದೇ ಹಳೇದು" ಎಂಬ ಉತ್ತರ ಮಿರುವಿನ ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ಅವಳು ಅದನ್ನು ನುಂಗಿಕೊಂಡಳು.

"ಗೊತ್ತಾಗ್ತಿಲ್ಲ ಅಜ್ಜಿ" ಎಂದಳು. "ಮೊದಲಿಂದ ಕೊಡು."