ಅರಿಶಿನದ ಮೇಲಿನ ಗೀಟು

ರತ್ನಕ್ಕನ ಹೆಸರು ವಿಮೆಯ ಪಟ್ಟಿಯಲ್ಲಿ ಇರಲಿಲ್ಲ. ಅದು ಗೊತ್ತಾಗಿದ್ದು ಹೆಬ್ಬಾಳದ ಆಸ್ಪತ್ರೆಯ ಕೌಂಟರಿನಲ್ಲಿ, ಎದೆಯ ಗಂಟಿನ ಆಪರೇಷನ್ನಿಗೆ ಅಡ್ಮಿಟ್ ಆಗುವ ಹೊತ್ತಿಗೆ.

ಮಗ ಶರಣು ನೇರ ನನ್ನ ಟೇಬಲ್ಲಿಗೆ ಬಂದ. ಯಲಹಂಕದ ನಮ್ಮ ಫ್ಯಾಕ್ಟರಿಯಲ್ಲಿ ನೌಕರರ ವಿಮೆ ನೋಡಿಕೊಳ್ಳುವವಳು ನಾನು, ನಯನಾ.

"ಮೇಡಂ, ನಾ ಅವ್ವನ ಹೆಸರಿಗೇ ಟಿಕ್ ಹಾಕೀನ್ರಿ. ಯಾರು ತಗದ್ರು?"

ಕಂಪ್ಯೂಟರಿನ ತಪ್ಪಿರಬಹುದೆಂದು ಮೂಲ ಫಾರ್ಮನ್ನೇ ತೆಗೆದೆ. ವರ್ಷಕ್ಕೊಮ್ಮೆ, ಮಾರ್ಚಿನಲ್ಲಿ ಮಾತ್ರ ತುಂಬುವ ಫಾರ್ಮು. ಹೆತ್ತವರು ಇಲ್ಲವೇ ಅತ್ತೆ-ಮಾವ, ಒಂದೇ ಕಡೆಯವರಿಗೆ ಅವಕಾಶ. ಕೆಳಮೂಲೆಯಲ್ಲಿ 'ಹೆತ್ತವರು' ಎಂಬಲ್ಲಿದ್ದ ಟಿಕ್ಕಿಗೆ ಗೀಟು ಎಳೆದು, 'ಅತ್ತೆ-ಮಾವ' ಎಂಬಲ್ಲಿ ಟಿಕ್ ಹಾಕಿತ್ತು.

ಆ ತಿದ್ದುಪಡಿ ಮಾರ್ಚಿನಲ್ಲೇ ನನ್ನ ಕಣ್ಣಿಗೆ ಬಿದ್ದಿತ್ತು. ಒಂದು ಫೋನ್ ಮಾಡಿ ಕೇಳಲಿಲ್ಲ. ಇನ್ನೂರು ಫಾರ್ಮುಗಳ ಗಡಿಬಿಡಿ ಎಂಬ ನೆಪ ಈಗ ಯಾರಿಗೆ ಬೇಕು?

ಶರಣುವಿನ ಮುಖ ಕಪ್ಪಿಟ್ಟಿತು. "ಪ್ರತಿಭಾ! ಅವರಪ್ಪಗ ಡಯಾಲಿಸಿಸ್ ನಡದೈತಿ. ನನ್ನ ಹೇಣ್ತಿದೇ ಕೆಲಸ."

ಅಂದು ಸಂಜೆಯೇ ಅವಳನ್ನು ಚಿಕ್ಕಬಾಣಾವರದ ತವರಿಗೆ ಕಳಿಸಿಬಿಟ್ಟ.

*

ನನಗೆ ಸಮಾಧಾನವಾಗಲಿಲ್ಲ. ಮಾರನೇ ದಿನ ಫಾರ್ಮನ್ನು ಮತ್ತೆ ನೋಡಿದೆ. ನಾಲ್ಕೂ ಮೂಲೆಗೆ ಅರಿಶಿನ. ಶರಣುವಿನ ಮನೆಯ ಕಾಗದಗಳೇ ಹಾಗೆ. ದೇವರ ಮುಂದಿಟ್ಟ ಮೇಲೆಯೇ ಆಫೀಸಿಗೆ ಬರುತ್ತವೆ. ನಾವು ನಗುತ್ತಿದ್ದೆವು.

ಮೊದಲ ಟಿಕ್ ಅರಿಶಿನದ ಅಡಿಯಲ್ಲಿತ್ತು. ಗೀಟು ಮಾತ್ರ ಅರಿಶಿನವನ್ನು ಕೆರೆದುಕೊಂಡು ಹೋಗಿತ್ತು.

ಫೋನ್ ಮಾಡಿದೆ. "ಪೂಜೆ ಆದ್ಮೇಲೆ ಫಾರ್ಮ್ ಯಾರ ಕೈಲಿತ್ತು ಶರಣು?"

"ಮುಂಜಾನೆ ಪೂಜಾ ಮಾಡಿ ಅವ್ವನೇ ಬುತ್ತಿ ಚೀಲದಾಗ ಇಟ್ಟಳ್ರಿ. ನಾ ಬಿಚ್ಚಿ ನೋಡ್ಲಿಲ್ಲ, ಹಂಗೇ ನಿಮಗ ಕೊಟ್ಟೆ."

"ಪ್ರತಿಭಾ?"

"ಆಕಿ ಹಿಂದಿನ ದಿನಾನೇ ಅಪ್ಪನ ಜೋಡಿ ದವಾಖಾನಿಗೆ..."

*

ವಿದ್ಯಾರಣ್ಯಪುರದಲ್ಲಿ ಶರಣುವಿನ ಬಾಡಿಗೆ ಮನೆ. ರತ್ನಕ್ಕ ಮಂಚದ ಮೇಲೆ ಕೂತಿದ್ದರು, ಶರಣು ಪಕ್ಕದಲ್ಲಿ ನಿಂತಿದ್ದ.

"ಗೀಟು ಅರಿಶಿನದ ಮೇಲಿದೆ ರತ್ನಕ್ಕ. ಪೂಜೆ ಆದ್ಮೇಲೆ ಇದು ಇದ್ದಿದ್ದು ನಿಮ್ಮೊಬ್ಬರ ಕೈಲಿ."

ಅವರು ಅಲ್ಲಗಳೆಯಲಿಲ್ಲ. "ಸೊಸಿ ಬಚ್ಚಲದಾಗ ನಳ ಬಿಟ್ಕೊಂಡು ಅಳ್ತಿದ್ಲವ್ವ. ಒಂದ್ ದಿನಾನೂ ನಮ್ಮಪ್ಪನ ಹೆಸರು ಹಾಕ್ರಿ ಅನ್ಲಿಲ್ಲ. ಹೇಳಿದ್ರ ಮಗ ಒಪ್ತಿದ್ದಿಲ್ಲ."

"ಗಂಟು?"

"ಆಗ್ಲೇ ಇತ್ತು. ಸಣ್ಣದಿತ್ತು."

ಶರಣು ಗೋಡೆಗೆ ತಲೆ ಆನಿಸಿ ಅತ್ತ. "ಮೇಡಂ, ಈಗ ಬದ್ಲಿ ಮಾಡಾಕ ಬರ್ತೈತೇನ್ರಿ?"

ಮುಂದಿನ ಮಾರ್ಚಿನವರೆಗೆ ಆಗುವುದಿಲ್ಲ ಎಂದು ಹೇಳಬೇಕಾದವಳು ನಾನು. ಹೇಳಿದೆ.

"ಅದಿರ್ಲಿ," ಎಂದರು ರತ್ನಕ್ಕ. "ನೀ ಮೊದ್ಲ ಚಿಕ್ಕಬಾಣಾವರಕ್ಕ ಹೋಗಿ ಆಕಿನ್ನ ಕರ್ಕೊಂಡು ಬಾ."

*

ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಬರುವಷ್ಟರಲ್ಲಿ ರೋಗ ಹಬ್ಬಿತ್ತು. ರತ್ನಕ್ಕ ದೀಪಾವಳಿ ನೋಡಲಿಲ್ಲ.

ಮಾರ್ಚಿನಲ್ಲಿ ಶರಣು ಫಾರ್ಮ್ ತಂದ. 'ಅತ್ತೆ-ಮಾವ' ಎಂಬಲ್ಲಿ ಟಿಕ್. ತಿದ್ದುಪಡಿ ಇರಲಿಲ್ಲ. ನಾಲ್ಕೂ ಮೂಲೆಗೆ ಅರಿಶಿನ ಇತ್ತು.

"ಪ್ರತಿಭಾ ಹಚ್ಚ್ಯಾಳ್ರಿ," ಎಂದ.